ಮಧುಮೇಹದಲ್ಲಿ ಆಹಾರಬೀಜಗಳು

ಭತ್ತ, ರಾಗಿ, ಜೋಳ, ತೊಗರಿ, ಕಡಲೆ ಇವೆಲ್ಲವೂ ಬೀಜಗಳೆಂದೇ ಎಣಿಸತಕ್ಕವಾದರೂ ಈ ಲೇಖನದಲ್ಲಿ ಆಹಾರಬೀಜಗಳೆಂಬ ಹೆಸರಿನಿಂದ ವಿವಕ್ಷಿತವಾಗಿರುವುದು ಅವಲ್ಲ. ಊಟದ ಮುಖ್ಯಾಂಶವಾಗಿ ಹೊಟ್ಟೆಯನ್ನು ತುಂಬಿಸದೆ, ಒಗ್ಗರಣೆ, ಚಟ್ನಿಪುಡಿ, ಪಾನಕ, ಮನೆಮದ್ದು ಮೊದಲಾದ ದಾರಿಗಳಿಂದ ಚಮಚಗಳ ಲೆಕ್ಕದಲ್ಲಿ ದೇಹವನ್ನು ಸೇರುವ ಮೆಂತ್ಯ, ಇಸಬ್‌ಗೋಲು, ಕಾಮಕಸ್ತೂರಿ, ಚಿಯಾ, ಅಗಸೆ, ಕಲೋಂಜಿ, ನೇರಳೆಬೀಜ, ಎಳ್ಳು, ಗುರೆಳ್ಳು, ಕುಂಬಳಬೀಜ ಇವುಗಳ ವಿಚಾರ ಮಾತ್ರ ಇಲ್ಲಿ ಪ್ರಸ್ತುತ. ಎರಡನೆಯ ಬಗೆಯ ಮಧುಮೇಹದಲ್ಲಿ ಇವು ರಕ್ತದ ಸಕ್ಕರೆಯನ್ನು ಹತೋಟಿಗೆ ತರಬಲ್ಲವೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹಳೆಯದು. ಅದಕ್ಕೆ ಪ್ರಯೋಗಶಾಲೆಯ ಮತ್ತು ಆಸ್ಪತ್ರೆಯ ಸಾಕ್ಷ್ಯ ದೊರೆಯತೊಡಗಿದುದು ಕಳೆದ ಅರ್ಧ ಶತಮಾನದಲ್ಲಿ. ಆ ಸಾಕ್ಷ್ಯವನ್ನೆಲ್ಲ ಒಟ್ಟಿಗೆ ಇರಿಸಿಕೊಂಡು ನೋಡಿದವರಿಗೆ ತೋರಿಬರುವ ಮುಖ್ಯ ಸಂಗತಿಯೆಂದರೆ, ಬೀಜದ ಪ್ರಭಾವದ ಬಹುಪಾಲು ಬರುವುದು ನೆನೆದಾಗ ಅದು ಬಿಡುವ ಲೋಳೆಯಿಂದ. ಆ ಲೋಳೆ ಕೆಲಸಮಾಡುವುದು ಉಂಡ ಅನ್ನವು ಜಠರದಲ್ಲಿಯೂ ಕರುಳಿನಲ್ಲಿಯೂ ಇರುವ ಕೆಲವು ಗಂಟೆಗಳ ಅವಧಿಯಲ್ಲಿ. ಆದುದರಿಂದ ಯಾವ ಬೀಜವೆಂಬ ಪ್ರಶ್ನೆಗಿಂತ ಎಷ್ಟು, ಹೇಗೆ, ಯಾವಾಗ ಎಂಬ ಪ್ರಶ್ನೆಗಳೇ ಹೆಚ್ಚು ತೂಕವುಳ್ಳವು.

ಈ ಮಾತು ಸ್ಪಷ್ಟವಾಗಬೇಕಾದರೆ ರೋಗದ ಸ್ವರೂಪವನ್ನು ತುಸು ನೆನೆಯಬೇಕು. ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ನಾಶವಾಗಿ ಇನ್ಸುಲಿನ್ನಿನ ಉತ್ಪತ್ತಿಯೇ ನಿಂತುಹೋಗುತ್ತದೆ. ಎರಡನೆಯ ಬಗೆಯಲ್ಲಿಯಾದರೋ ಇನ್ಸುಲಿನ್ ಇದ್ದೂ ಸ್ನಾಯು, ಯಕೃತ್ತು, ಮೇದಸ್ಸುಗಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ವರ್ಷಗಳು ಕಳೆದಂತೆ ಬೀಟಾ ಕೋಶಗಳೂ ಬಳಲಿ ಸೋಲುತ್ತವೆ. ರಕ್ತಕ್ಕೆ ಗ್ಲೂಕೋಸು ಬಂದು ಸೇರುವ ಮೂಲಗಳು ಎರಡು: ರಾತ್ರಿಯ ಉಪವಾಸದಲ್ಲಿಯೂ ಯಕೃತ್ತು ಬಿಡುಗಡೆ ಮಾಡುತ್ತಿರುವುದೊಂದು, ಉಂಡದ್ದು ಪಚನವಾಗಿ ಕರುಳಿನಿಂದ ಹರಿದುಬರುವುದು ಇನ್ನೊಂದು. ಆರೋಗ್ಯವಂತನು ಉಣ್ಣಲು ತೊಡಗಿದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ನಿನ ಚುರುಕಾದ ಮೊದಲ ಅಲೆಯೊಂದು ಹೊರಟು ಈ ಎರಡನೆಯ ಹರಿವನ್ನು ಎದುರುಗೊಳ್ಳುತ್ತದೆ. ರೋಗಿಯಲ್ಲಿ ಕುಗ್ಗುವುದು ಮೊಟ್ಟಮೊದಲು ಈ ಅಲೆಯೇ ಆದುದರಿಂದ ಊಟದ ಅನಂತರದ ಏರಿಕೆ ಕಡಿದಾಗುತ್ತದೆ. ಖಾಲಿಹೊಟ್ಟೆಯಲ್ಲಿ ಒಂದು ಡೆಸಿಲೀಟರಿಗೆ 126 ಮಿಲಿಗ್ರಾಂ, ಗ್ಲೂಕೋಸು ಕುಡಿದ ಎರಡು ಗಂಟೆಯ ಮೇಲೆ 200 ಮಿಲಿಗ್ರಾಂ, ಎಚ್‌ಬಿಎ1ಸಿ ಎಂದು ಪ್ರಸಿದ್ಧವಾಗಿರುವ ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ ಶೇಕಡ 6.5, ಇವು ರೋಗನಿರ್ಣಯದ ಮೇರೆಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ ರೋಗದ ಹೊಸ್ತಿಲಲ್ಲಿರುವ 13.6 ಕೋಟಿ ಜನರೂ ಇರುವರೆಂದು ಅಂದಾಜುಮಾಡಿತು. ಅದೇ ಸಮೀಕ್ಷೆಯ ಮುಂದಿನ ವರದಿಯ ಪ್ರಕಾರ ನಮ್ಮ ಆಹಾರದ ಶಕ್ತಿಯಲ್ಲಿ ಶೇಕಡ 62ರಷ್ಟು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಒದಗುತ್ತದೆ. ಅನ್ನವನ್ನೋ ಮುದ್ದೆಯನ್ನೋ ನಡುವಿಟ್ಟು ಉಣ್ಣುವ ದೇಶದಲ್ಲಿ ಊಟದ ಅನಂತರದ ಏರಿಕೆಯನ್ನು ತಗ್ಗಿಸಬಲ್ಲ ಯಾವುದೇ ಅಗ್ಗದ ವಸ್ತುವಿಗೆ ಮಹತ್ತ್ವ ಬರುವುದು ಸಹಜವಷ್ಟೆ.

ಮಧುಮೇಹವನ್ನು ಆಯುರ್ವೇದದ ಪ್ರಾಚೀನ ಸಂಹಿತೆಗಳು ಬಲ್ಲವು. ಸಿಹಿಯಾದ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಅವು ಲಕ್ಷಣವಾಗಿ ಹೇಳಿವೆ. ಬೀಜಗಳ ಪೈಕಿ ಮೆಂತ್ಯದ ಚರಿತ್ರೆಯೂ ದೀರ್ಘವಾದದ್ದೇ: ಕ್ರಿ.ಪೂ. ಸುಮಾರು 1550ರ ಈಜಿಪ್ಟಿನ ಎಬರ್ಸ್ ಪಪೈರಸ್ಸಿನಲ್ಲಿ ಅದರ ಉಲ್ಲೇಖವುಂಟು, ತೂತಂಖಾಮನ್ ದೊರೆಯ ಸಮಾಧಿಯೊಳಗೆ ಅದರ ಕಾಳುಗಳೇ ದೊರೆತಿವೆ. ಆ ಸಮಾಧಿ ಪತ್ತೆಯಾದ 1922ನೆಯ ವರ್ಷದಲ್ಲಿಯೇ, ಜನವರಿಯಲ್ಲಿ, ಟೊರಾಂಟೊ ನಗರದಲ್ಲಿ ಒಬ್ಬ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮುಂಚಿನ ಕೆಲವು ದಶಕಗಳ ಕಾಲ, ಬೇರೆ ಮದ್ದೇ ಇಲ್ಲದ ಪಾಡಿನಲ್ಲಿ, ಭಾರತದ ನೇರಳೆಬೀಜದ ಪುಡಿ ಯೂರೋಪಿನ ಔಷಧದಂಗಡಿಗಳವರೆಗೂ ಪ್ರಯಾಣ ಮಾಡಿತ್ತು. ಇನ್ಸುಲಿನ್ ಬಂದ ಮೇಲೆ ಬೀಜಗಳ ವಿಚಾರ ಹಿಂದೆ ಸರಿದು, ಐವತ್ತು ವರ್ಷಗಳ ಮಟ್ಟಿಗೆ ವೈದ್ಯಶಾಸ್ತ್ರದ ಗಮನಕ್ಕೆ ಬಾರದೆ ಅಡುಗೆಮನೆಯಲ್ಲಿ ಉಳಿದುಕೊಂಡಿತು.

ಅದು ಮರಳಿ ಮುಂದೆ ಬಂದುದು ನಾರಿನ ಮೂಲಕ. ಉಗಾಂಡದಲ್ಲಿ ಬಹುಕಾಲ ಸೇವೆಮಾಡಿದ್ದ ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೋವೆಲ್ ಎಂಬ ವೈದ್ಯರು, ಆಫ್ರಿಕದ ಹಳ್ಳಿಗರಲ್ಲಿ ವಿರಳವಾಗಿಯೂ ಪಾಶ್ಚಾತ್ಯರಲ್ಲಿ ವಿಪುಲವಾಗಿಯೂ ಕಂಡುಬರುವ ಹಲವು ರೋಗಗಳಿಗೆ ಆಹಾರದಲ್ಲಿ ನಾರು ಕಡಿಮೆಯಾದುದೇ ಕಾರಣವಿರಬಹುದೆಂದು 1970ರ ದಶಕದಲ್ಲಿ ವಾದಿಸಿದರು. ನಾರೆಂದೊಡನೆ ಗೋಧಿಯ ತವುಡೇ ಎಲ್ಲರ ಮನಸ್ಸಿಗೂ ಬರುತ್ತಿದ್ದ ಆ ಕಾಲದಲ್ಲಿ, ನಾರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರವಿದೆಯೆಂದು ತೋರಿಸಿಕೊಟ್ಟವರು ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು. ಅವರು 1978ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದುದು, ಆದರೆ ಈ ಇಡೀ ವಿಷಯಕ್ಕೆ ಕೀಲಿಯಾದುದು. ಸ್ವಯಂಸೇವಕರಿಗೆ 50 ಗ್ರಾಂ ಗ್ಲೂಕೋಸಿನ ನೀರನ್ನು ಕುಡಿಸಿ, ಅದರೊಡನೆ ಒಂದೊಂದು ಸಲ ಒಂದೊಂದು ಬಗೆಯ ನಾರನ್ನು, ಅಂದರೆ ಗೋಧಿಯ ತವುಡು, ಪೆಕ್ಟಿನ್, ಗೌರ್ ಅಂಟು ಮುಂತಾದುವನ್ನು ಬೆರೆಸಿ, ರಕ್ತದ ಸಕ್ಕರೆ ಹೇಗೆ ಏರಿಳಿಯುವುದೆಂದು ಅಳೆಯಲಾಯಿತು. ದ್ರವವನ್ನು ಯಾವ ನಾರು ಹೆಚ್ಚು ಗಟ್ಟಿಯಾಗಿ ಲೋಳೆಗಟ್ಟಿಸುತ್ತಿತ್ತೋ ಅದೇ ಸಕ್ಕರೆಯ ಏರಿಕೆಯನ್ನು ಹೆಚ್ಚು ತಗ್ಗಿಸಿತು; ಆ ಪೈಕಿ ಗೌರ್ ಅಂಟಿಗೆ ಅಗ್ರಸ್ಥಾನ. ಅನಂತರ ಅದೇ ಗೌರ್ ಅಂಟನ್ನು ರಾಸಾಯನಿಕವಾಗಿ ತುಂಡರಿಸಿ, ಲೋಳೆಗಟ್ಟುವ ಶಕ್ತಿಯನ್ನು ಮಾತ್ರ ಕಳೆದು ಕೊಟ್ಟಾಗ ಅದರ ಪರಿಣಾಮವೂ ಮಾಯವಾಯಿತು. ಗೌರ್ ಎಂದರೆ ನಮ್ಮ ಗೋರಿಕಾಯಿ, ಬಯಲುಸೀಮೆಯ ಉತ್ತರಭಾಗದವರ ಚವಳಿಕಾಯಿ. ನಾವು ಎಳೆಯ ಕಾಯನ್ನು ಪಲ್ಯಮಾಡುತ್ತೇವೆ, ರಾಜಸ್ಥಾನದ ಗಿರಣಿಗಳು ಬಲಿತ ಬೀಜದಿಂದ ಅಂಟನ್ನು ತೆಗೆಯುತ್ತವೆ.

ಲೋಳೆ ಮಾಡುವ ಕೆಲಸ ಹೀಗೆ. ಜಠರದೊಳಗಿನ ಅನ್ನ ಅದರಿಂದ ಮಂದವಾಗಿ, ಸಣ್ಣಕರುಳಿಗೆ ಇಳಿಯುವ ವೇಗ ತಗ್ಗುತ್ತದೆ. ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ತನ್ನ ಗುರಿಯನ್ನು ಮುಟ್ಟುವುದು ತಡವಾಗುತ್ತದೆ. ಕತ್ತರಿಸಲ್ಪಟ್ಟು ಬಿಡುಗಡೆಯಾದ ಗ್ಲೂಕೋಸು ಕರುಳಿನ ಗೋಡೆಯತ್ತ ಸರಿಯುವುದೂ ನಿಧಾನವಾಗುತ್ತದೆ. ಕರುಳಿನ ಮೊದಲ ಭಾಗದಲ್ಲಿಯೇ ಮುಗಿಯಬೇಕಾಗಿದ್ದ ಹೀರಿಕೆ ಕೆಳಭಾಗದವರೆಗೆ ಹರಡಿಕೊಳ್ಳುವುದರಿಂದ, ಅಲ್ಲಿನ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸುರಿಸಿ ಇನ್ಸುಲಿನ್ನಿನ ಬಿಡುಗಡೆಗೆ ನೆರವಾಗುತ್ತವೆ. ದೊಡ್ಡಕರುಳನ್ನು ತಲಪಿದ ನಾರಿನ ಕೆಲವು ಬಗೆಗಳನ್ನು ಸೂಕ್ಷ್ಮಜೀವಿಗಳು ಹುದುಗಿಸಿ ಹ್ರಸ್ವ ಮೇದಾಮ್ಲಗಳನ್ನಾಗಿ ಮಾಡುವುದೂ ಉಂಟಾದರೂ ಅದು ಎರಡನೆಯ ಮಾತು. ಸಕ್ಕರೆಯ ಒಟ್ಟು ಮೊತ್ತ ಇದರಿಂದ ಹೆಚ್ಚೇನೂ ಕಡಿಮೆಯಾಗದು. ಅದು ರಕ್ತಕ್ಕೆ ಇಳಿಯುವ ಗತಿ ಮಾತ್ರ, ದುರ್ಬಲವಾದ ಇನ್ಸುಲಿನ್ನಿಗೆ ನಿಭಾಯಿಸಲು ಸಾಧ್ಯವಾಗುವಷ್ಟು ಮಂದವಾಗುತ್ತದೆ.

ಇನ್ನು ಬೀಜಗಳನ್ನೇ ನೋಡೋಣ. ಎಲ್ಲಕ್ಕೂ ಮೊದಲು ಹೇಳತಕ್ಕದ್ದು ಮೆಂತ್ಯವನ್ನು. ಪ್ರಯೋಗಗಳ ಸಂಖ್ಯೆಯಿಂದಲೂ ನಮ್ಮವರ ಬಳಕೆಯಿಂದಲೂ ಅದಕ್ಕೆ ಆ ಹಕ್ಕಿದೆ. ಟ್ರೈಗೊನೆಲ್ಲ ಫೀನಮ್-ಗ್ರೀಕಮ್ ಎಂಬ ಶಾಸ್ತ್ರೀಯ ನಾಮದ, ಅವರೆ ಕಡಲೆಗಳ ಬಳಗಕ್ಕೆ ಸೇರಿದ ಈ ಗಿಡವನ್ನು ಭಾರತದಲ್ಲಿ ಹೇರಳವಾಗಿ ಬೆಳೆಯುವ ಪ್ರದೇಶಗಳಲ್ಲಿ ರಾಜಸ್ಥಾನವೊಂದು. ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿದರೆ ಅದು ಗಟ್ಟಿಯಾದ, ಓರೆಯಾಗಿ ಕತ್ತರಿಸಿದಂತೆ ಮೂಲೆಗಳುಳ್ಳ ಹಳದಿ ಹರಳು. ಓರೆಯಾಗಿಯೇ ಹಾಯ್ದುಹೋಗುವ ತೋಡೊಂದು ಅದನ್ನು ಅಸಮವಾದ ಎರಡು ಭಾಗಗಳಾಗಿ ಮಾಡಿದೆ. ರಾತ್ರಿ ನೀರಿನಲ್ಲಿ ಹಾಕಿಟ್ಟು ಬೆಳಗ್ಗೆ ಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಬಿರಿದು ಮೂರು ಭಾಗಗಳು ಬೇರೆಯಾಗುವುವು: ಹೊರಗಿನ ತೆಳುವಾದ ಸಿಪ್ಪೆ, ಅದರ ಕೆಳಗೆ ಜಾರುವ, ಬೆರಳಿಗೆ ಅಂಟುವ, ಅರೆಪಾರದರ್ಶಕವಾದ ಲೋಳೆಯ ಪದರ, ಒಳಗೆ ಹಳದಿಯ ಎರಡು ದಳಗಳ ಭ್ರೂಣ. ಪ್ರೋಟೀನು, ಎಣ್ಣೆ ಇರುವುದು ಭ್ರೂಣದಲ್ಲಿ. ನಡುವಣ ಲೋಳೆಯ ಪದರವೇ ಗ್ಯಾಲಕ್ಟೊಮ್ಯಾನನ್ ಎಂಬ ನಾರಿನ ಭಂಡಾರ. ಕಾಳಿನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ನಾರೇ ಆಗಿದ್ದು, ಅದರಲ್ಲಿ ನೀರಿನಲ್ಲಿ ಕರಗುವ ಭಾಗ ಗಣನೀಯವಾಗಿದೆ; ಪ್ರೋಟೀನು ಕಾಲುಭಾಗದಷ್ಟಿದೆ.

ಮೆಂತ್ಯವನ್ನು ಆಧುನಿಕ ರೀತಿಯಲ್ಲಿ ಪರೀಕ್ಷಿಸಿದ ಆದ್ಯರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್. ಡಿ. ಶರ್ಮ ಅವರನ್ನು ಹೆಸರಿಸಬೇಕು. ಸರ್ ರಾಬರ್ಟ್ ಮೆಕ್ಯಾರಿಸನ್ ಅವರು 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ತೊಡಗಿದ ಕಾರ್ಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂದು ನೆಲೆಯೂರಿದ ಸಂಸ್ಥೆ ಅದು. ಶರ್ಮ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಡಿಯ ಬೀಜ, ಬೇಯಿಸಿದ ಬೀಜ, ಬೀಜದಿಂದ ಬೇರ್ಪಡಿಸಿದ ಅಂಟು, ಅಂಟು ತೆಗೆದ ಬೀಜ, ಸೊಪ್ಪು ಇವನ್ನೆಲ್ಲ ಬೇರೆಬೇರೆಯಾಗಿ ಕೊಟ್ಟು ಹೋಲಿಸಿ ನೋಡಿದರು. ಇಡಿಯ ಬೀಜ ಸಕ್ಕರೆಯ ಏರಿಕೆಯನ್ನು ಎಲ್ಲಕ್ಕಿಂತ ಹೆಚ್ಚು ತಗ್ಗಿಸಿತು, ಬರಿಯ ಅಂಟು ಮತ್ತು ಬೇಯಿಸಿದ ಬೀಜಗಳು ಅದಕ್ಕೆ ಸಮೀಪದಲ್ಲಿದ್ದುವು. ಅಂಟು ಕಳೆದ ಬೀಜವಾಗಲಿ ಬೆಂದ ಸೊಪ್ಪಾಗಲಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಜೆಂಕಿನ್ಸರ ಗೌರ್ ಅಂಟಿನ ಪಾಠ ಇಲ್ಲಿ ನಮ್ಮ ಡಬ್ಬಿಯ ಮೆಂತ್ಯದಲ್ಲಿಯೇ ಪುನಃ ಸಿದ್ಧವಾಯಿತೆನ್ನಬಹುದು. ಮೆಂತ್ಯದ ಸೊಪ್ಪಿನ ಸಾರು ತಿಂದರೂ ಬೀಜ ತಿಂದಷ್ಟೇ ಫಲವೆಂದು ಭಾವಿಸುವವರು ಈ ಪ್ರಯೋಗವನ್ನು ನೆನಪಿಡುವುದು ಒಳ್ಳೆಯದು. ಸೊಪ್ಪಿಗೆ ಅದರದೇ ಆದ ಗುಣಗಳಿವೆ, ಆದರೆ ಅದರಲ್ಲಿ ಈ ಲೋಳೆ ಇಲ್ಲ.

ಶರ್ಮ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಇನ್ಸುಲಿನ್ನನ್ನು ಅವಲಂಬಿಸಿದ ಮೊದಲನೆಯ ಬಗೆಯ ರೋಗಿಗಳಿಗೆ ದಿನಕ್ಕೆ 100 ಗ್ರಾಂ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ಎರಡು ಊಟಗಳಲ್ಲಿ ಹಂಚಿ ಹತ್ತು ದಿನ ಕೊಟ್ಟಾಗ ಮೂತ್ರದಲ್ಲಿ ಹೋಗುವ ಸಕ್ಕರೆ ಶೇಕಡ 54ರಷ್ಟು ಕಡಿಮೆಯಾಯಿತು. ಫಲ ದೊಡ್ಡದೇ, ಆದರೆ ಮೆಂತ್ಯದ ಕಹಿಯನ್ನು ಬಲ್ಲ ಯಾರಿಗೂ ದಿನಕ್ಕೆ 100 ಗ್ರಾಂ ತಿನ್ನುವ ಮನಸ್ಸಾಗದು. ಆದುದರಿಂದ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡನೆಯ ಬಗೆಯ 60 ರೋಗಿಗಳಿಗೆ ದಿನಕ್ಕೆ 25 ಗ್ರಾಂ ಪುಡಿಯನ್ನು 24 ವಾರ ಕೊಟ್ಟು ನೋಡಲಾಯಿತು. ಆಗಲೂ ಸಕ್ಕರೆ ಇಳಿಯಿತು. ಮುಂದೆ 2014ರಲ್ಲಿ, ಅದುವರೆಗಿನ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದ ಒಂದು ವಿಮರ್ಶೆ, ಮೆಂತ್ಯದಿಂದ ಖಾಲಿಹೊಟ್ಟೆಯ ಸಕ್ಕರೆ ಸುಮಾರು 17 ಮಿಲಿಗ್ರಾಂ, ಎರಡು ಗಂಟೆಯ ಸಕ್ಕರೆ ಸುಮಾರು 39 ಮಿಲಿಗ್ರಾಂ, ಎಚ್‌ಬಿಎ1ಸಿ ಶೇಕಡ 0.85 ಅಂಶ ಇಳಿಯುವುದೆಂದೂ, ಫಲ ಸ್ಪಷ್ಟವಾಗಿ ತೋರುವುದು ದಿನಕ್ಕೆ 5 ಗ್ರಾಮಿಗೆ ಕಡಿಮೆಯಿಲ್ಲದ ಪ್ರಮಾಣಗಳಲ್ಲಿಯೆಂದೂ ತೀರ್ಮಾನಿಸಿತು. ಊಟದ ಅನಂತರದ ಇಳಿಕೆ ಉಪವಾಸದ ಇಳಿಕೆಯ ಎರಡರಷ್ಟಕ್ಕೂ ಮಿಗಿಲಾಗಿರುವುದು ಲೋಳೆಯ ವಾದಕ್ಕೆ ಹೊಂದಿಕೊಳ್ಳುವ ಸಂಗತಿ. ರೋಗದ ಹೊಸ್ತಿಲಲ್ಲಿರುವವರ ವಿಚಾರದಲ್ಲಿ 2015ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದು ಗಮನಾರ್ಹವಾದುದು: 140 ಜನರನ್ನು ಮೂರು ವರ್ಷ ಅನುಸರಿಸಿ ನೋಡಿದಾಗ, ಊಟಕ್ಕೆ ಮುಂಚೆ 5 ಗ್ರಾಮಿನಂತೆ ದಿನಕ್ಕೆರಡು ಬಾರಿ ಮೆಂತ್ಯ ತೆಗೆದುಕೊಂಡವರಿಗಿಂತ ತೆಗೆದುಕೊಳ್ಳದವರಲ್ಲಿ ಮಧುಮೇಹ ಬರುವ ಸಂಭವ ನಾಲ್ಕು ಪಟ್ಟಿಗೂ ತುಸು ಹೆಚ್ಚಾಗಿತ್ತು.

ಮೆಂತ್ಯದಲ್ಲಿ ಲೋಳೆಯಲ್ಲದೆ ಬೇರೆ ಸತ್ತ್ವವೂ ಇಲ್ಲವೆಂದಲ್ಲ. 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ವಿಲಕ್ಷಣವಾದ ಅಮೈನೋ ಆಮ್ಲ ಈ ಬೀಜದಲ್ಲಿದೆ. ಸುತ್ತಲೂ ಸಕ್ಕರೆ ಹೆಚ್ಚಾಗಿರುವಾಗ ಮಾತ್ರ ಅದು ಬೀಟಾ ಕೋಶಗಳಿಂದ ಇನ್ಸುಲಿನ್ನನ್ನು ಹೊರಡಿಸುವುದೆಂದು ಫ್ರಾನ್ಸಿನ ಮಾಂಪೆಲಿಯೆ ನಗರದ ವಿಜ್ಞಾನಿಗಳು 1998ರಲ್ಲಿ ತೋರಿಸಿದರು. ಆದರೆ ಅದು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಕಂಡ ವಿಷಯ. ಜಯಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 25 ಮಂದಿ ಹೊಸ ರೋಗಿಗಳ ಪೈಕಿ ಕೆಲವರಿಗೆ ಲೋಳೆಯ ಭಾಗವನ್ನು ಬಿಟ್ಟು ಮದ್ಯಸಾರದಿಂದ ಇಳಿಸಿದ ಮೆಂತ್ಯದ ಸಾರವನ್ನು ದಿನಕ್ಕೆ 1 ಗ್ರಾಮಿನಂತೆ ಎರಡು ತಿಂಗಳು ಕೊಟ್ಟಾಗ, ಇನ್ಸುಲಿನ್ನಿಗೆ ದೇಹ ಓಗೊಡುವ ಗುಣ ಸುಧಾರಿಸಿದ ಸೂಚನೆ ಕಂಡಿತಾದರೂ ಉಪವಾಸದ ಸಕ್ಕರೆಯಲ್ಲಿಯೂ ಎರಡು ಗಂಟೆಯ ಸಕ್ಕರೆಯಲ್ಲಿಯೂ ಎರಡು ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ.

ಅಡುಗೆಮನೆಯ ಅಳತೆಗೂ ಪ್ರಯೋಗದ ಅಳತೆಗೂ ಇರುವ ಅಂತರವನ್ನು ಇಲ್ಲಿಯೇ ಹೇಳಿಬಿಡಬೇಕು. ಒಂದು ಟೀ ಚಮಚದ ಮೆಂತ್ಯ ನಾಲ್ಕು ಗ್ರಾಮಿಗೂ ತುಸು ಕಡಿಮೆ. 25 ಗ್ರಾಂ ಎಂದರೆ ಊಟದ ದೊಡ್ಡ ಚಮಚದಲ್ಲಿ ಎರಡಕ್ಕೂ ಹೆಚ್ಚು. ಸಾರಿನ ಪುಡಿಗೆ ಹುರಿದು ಹಾಕುವ ಚಿಟಿಕೆ, ಉಪ್ಪಿನಕಾಯಿಯ ಮೆಂತ್ಯದ ಪುಡಿ, ದೋಸೆಗೆ ನೆನೆಹಾಕುವ ಒಂದು ಚಮಚ, ಮೈಸೂರು ಕಡೆಯ ಮೆಂತ್ಯದ ಹಿಟ್ಟಿನಲ್ಲಿ ಬೇಳೆಗಳ ರಾಶಿಯ ನಡುವೆ ಹೆಸರಿಗೆ ಮಾತ್ರ ಇರುವ ಮೆಂತ್ಯ, ಇವು ರುಚಿಗೆ ಒದಗುವುವೇ ಹೊರತು ಸಕ್ಕರೆಯ ಹತೋಟಿಗೆ ಸಾಲವು. ರಾತ್ರಿ ನೆನೆಹಾಕಿದ ಕಾಳನ್ನು ಬಿಸುಟು ನೀರನ್ನಷ್ಟೇ ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಹಲವು ಮನೆಗಳಲ್ಲಿದೆ. ನಾರಿನ ಬಹುಭಾಗ ಬಿಸುಟ ಕಾಳಿನಲ್ಲಿಯೇ ಉಳಿಯುತ್ತದೆ, ಉಳಿದಷ್ಟಾದರೂ ಅನ್ನದ ಜೊತೆಗೂಡದೆ ಒಂಟಿಯಾಗಿ ಹೊಟ್ಟೆಯನ್ನು ದಾಟಿಹೋಗುತ್ತದೆ. ಕಾಳನ್ನೂ ನೀರನ್ನೂ ಸೇರಿಸಿ ತಿಂಡಿಯ ಸಂಗಡ ತೆಗೆದುಕೊಳ್ಳುವುದು, ಅಥವಾ ಪುಡಿಯನ್ನು ರೊಟ್ಟಿ ಚಪಾತಿಗಳ ಹಿಟ್ಟಿನಲ್ಲಿ, ಮಜ್ಜಿಗೆಯಲ್ಲಿ ಬೆರೆಸುವುದು ಯುಕ್ತವಾದ ಕ್ರಮ. ಮಲೆನಾಡಿನ ಮೆಂತ್ಯದ ತಂಬುಳಿ, ಅನ್ನದ ಸಂಗಡವೇ ಹೊಟ್ಟೆ ಸೇರುವ ಕಾರಣದಿಂದ, ವಿಧಾನದಲ್ಲಿ ಸರಿಯಾಗಿಯೂ ಪ್ರಮಾಣದಲ್ಲಿ ಕಿರಿದಾಗಿಯೂ ಇದೆ.

ಇಸಬ್‌ಗೋಲು ಗುಜರಾತಿನ ಊಂಝಾ ಪೇಟೆಯಿಂದ ಜಗತ್ತಿಗೆಲ್ಲ ಹರಡುವ ಸರಕು. ಪ್ಲಾಂಟಾಗೊ ಓವೇಟ ಎಂಬ ಗಿಡದ ಬೀಜದ ಹೊಟ್ಟಿನಲ್ಲಿಯೇ ಅದರ ಲೋಳೆ ಅಡಗಿದೆ. ಸಾಕ್ಷ್ಯದ ಗಟ್ಟಿತನದಲ್ಲಿ ಇದು ಮೆಂತ್ಯವನ್ನೂ ಮೀರಿಸುತ್ತದೆಯೆಂದು ಹೇಳಬಹುದು. 35 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮಧುಮೇಹಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಉಪವಾಸದ ಸಕ್ಕರೆ ಸುಮಾರು 37 ಮಿಲಿಗ್ರಾಂ, ಎಚ್‌ಬಿಎ1ಸಿ ಶೇಕಡ 0.97 ಅಂಶ ಇಳಿದುದು ಕಂಡುಬಂದಿತು. ಆರೋಗ್ಯವಂತರಲ್ಲಿ ಹೆಚ್ಚು ಬದಲಾವಣೆಯಿಲ್ಲ, ಹೊಸ್ತಿಲಲ್ಲಿರುವವರಲ್ಲಿ ಸ್ವಲ್ಪ, ಹತೋಟಿ ಕೆಟ್ಟವರಲ್ಲಿ ಅತ್ಯಧಿಕ, ಹೀಗೆ ಕೇಡಿನ ಪ್ರಮಾಣಕ್ಕೆ ತಕ್ಕಂತೆ ಫಲದ ಪ್ರಮಾಣವೂ ಏರುವುದೆಂಬುದು ಆ ವಿಶ್ಲೇಷಣೆಯ ಸ್ವಾರಸ್ಯ. ಇಸಬ್‌ಗೋಲು ಮಧುಮೇಹ ಬರುವುದನ್ನೇ ತಡೆಯುವುದೆ ಎಂಬ ಪ್ರಶ್ನೆ ಬೇರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ಬಗೆಯ ಹೇಳಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಲು 2014ರಲ್ಲಿ ಸಮ್ಮತಿಸಿತಾದರೂ, ಅದಕ್ಕೆ ವೈಜ್ಞಾನಿಕ ಆಧಾರ ಅತ್ಯಲ್ಪವೆಂಬ ಒಕ್ಕಣೆಯನ್ನೂ ಜೊತೆಯಲ್ಲಿ ಸೇರಿಸಬೇಕೆಂದು ಕಟ್ಟುಮಾಡಿತು.

ಕಾಮಕಸ್ತೂರಿ ಮತ್ತು ಚಿಯಾ ಎರಡೂ ತುಳಸಿಯ ಕುಟುಂಬದವು. ನೀರಿಗೆ ಬಿದ್ದ ಕೆಲವು ನಿಮಿಷಗಳಲ್ಲಿ ಒಂದೊಂದು ಬೀಜವೂ ತನ್ನ ಸುತ್ತ ಲೋಳೆಯ ಕವಚ ತೊಟ್ಟು, ಕೆರೆಯಂಚಿನ ಕಪ್ಪೆಮೊಟ್ಟೆಗಳಂತೆ ನಡುವೆ ಕಪ್ಪುಚುಕ್ಕೆ ಉಳಿಸಿಕೊಂಡು ಉಬ್ಬುತ್ತದೆ. ಕಾಮಕಸ್ತೂರಿ ನಮ್ಮಲ್ಲಿ ಬೇಸಗೆಯ ಪಾನಕದ ಸಂಗಾತಿಯಾಗಿ ಪರಿಚಿತ. ಮಧುಮೇಹದಲ್ಲಿ ಅದರ ಮೇಲೆ ನಡೆದಿರುವ ಮಾನವ ಪ್ರಯೋಗಗಳು ತೀರ ವಿರಳ. ಚಿಯಾ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಳೆ, ಅಜ್ಟೆಕ್ ಅರಸರಿಗೆ ಅಧೀನ ಪ್ರಾಂತಗಳು ಕಪ್ಪವಾಗಿ ಸಲ್ಲಿಸುತ್ತಿದ್ದ ಧಾನ್ಯಗಳಲ್ಲೊಂದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಅದರ ಬೇಸಾಯವನ್ನು ರೈತರಿಗೆ ಪರಿಚಯಿಸಿದ ಮೇಲೆ ಹೆಗ್ಗಡದೇವನಕೋಟೆಯ ಸುತ್ತಮುತ್ತ ಅದು ನೆಲೆಯೂರಿ, ಇಂದು ಕನ್ನಡನಾಡಿನ ಬೆಳೆಯೂ ಆಗಿದೆ. ಟೊರಾಂಟೊದ ವ್ಲಾದಿಮಿರ್ ವುಕ್ಸಾನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡನೆಯ ಬಗೆಯ 20 ರೋಗಿಗಳಿಗೆ ದಿನಕ್ಕೆ ಸುಮಾರು 37 ಗ್ರಾಂ ಚಿಯಾ ಜಾತಿಯ ಬೀಜವನ್ನು ಹನ್ನೆರಡು ವಾರ ಕೊಟ್ಟು, ಅದೇ ಜನಕ್ಕೆ ಗೋಧಿ ತವುಡನ್ನು ಕೊಟ್ಟ ಅವಧಿಯೊಡನೆ ಹೋಲಿಸಿದರು. ರಕ್ತದೊತ್ತಡ ಇಳಿಯಿತು, ಉರಿಯೂತದ ಸೂಚಕವೂ ಇಳಿಯಿತು. ಸಕ್ಕರೆಯ ಹತೋಟಿಯಲ್ಲಿ ಮಾತ್ರ ತವುಡಿಗಿಂತ ಚಿಯಾ ಮೇಲೆಂದು ಸಿದ್ಧವಾಗಲಿಲ್ಲ. ಹೀಗಿದ್ದೂ ಈ ಬೀಜಕ್ಕೆ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ನಡೆಯುವ ಪ್ರಚಾರ ಮೆಂತ್ಯಕ್ಕೂ ಇಸಬ್‌ಗೋಲಿಗೂ ಇಲ್ಲದಿರುವುದು, ಬೆಲೆ ಹೆಚ್ಚಾದ ಪದಾರ್ಥದಲ್ಲಿ ಗುಣವೂ ಹೆಚ್ಚಿರಬೇಕೆಂಬ ಪೇಟೆಯ ತರ್ಕದ ಫಲವೆಂದು ತೋರುತ್ತದೆ.

ಅಗಸೆ ಲೋಳೆಯ ಬೀಜಗಳು, ಎಣ್ಣೆಬೀಜಗಳು ಎಂಬ ಎರಡು ವರ್ಗಗಳ ನಡುವೆ ನಿಲ್ಲುವ ಬೀಜ: ಸಿಪ್ಪೆಯಲ್ಲಿ ಲೋಳೆ, ಒಳಗೆ ತೂಕದ ಐದರಲ್ಲಿ ಎರಡು ಪಾಲು ಎಣ್ಣೆ, ಆ ಎಣ್ಣೆಯ ಅರ್ಧಕ್ಕೂ ಹೆಚ್ಚು ಒಮೇಗಾ-3 ವರ್ಗದ ಆಲ್ಫಾ ಲಿನೊಲೆನಿಕ್ ಆಮ್ಲ, ಜೊತೆಗೆ ಲಿಗ್ನಾನ್ ಎಂಬ ಸಂಯುಕ್ತಗಳು. ಶಾಂಘೈಯಲ್ಲಿ 73 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಿಗ್ನಾನನ್ನು ಬೇರ್ಪಡಿಸಿ ಕೊಟ್ಟಾಗ ಎಚ್‌ಬಿಎ1ಸಿ ಇಳಿದುದು ಶೇಕಡ 0.1ರಷ್ಟು ಮಾತ್ರ, ಉಪವಾಸದ ಸಕ್ಕರೆ ಬದಲಾಗಲಿಲ್ಲ. 25 ಪ್ರಯೋಗಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಅಗಸೆಯಿಂದ ಉಪವಾಸದ ಸಕ್ಕರೆ ಇಳಿಯುವುದು ಮೂರು ಮಿಲಿಗ್ರಾಮಿನಷ್ಟೇ ಎಂದು ಕಂಡುಕೊಂಡಿತು; ಆ ಅಲ್ಪ ಫಲ ಕೂಡ ಇಡಿಯ ಅಗಸೆಯಿಂದ ದೊರೆಯಿತೇ ಹೊರತು ಎಣ್ಣೆಯಿಂದಾಗಲಿ ಬೇರ್ಪಡಿಸಿದ ಲಿಗ್ನಾನಿನಿಂದಾಗಲಿ ದೊರೆಯಲಿಲ್ಲ. ಅಗಸೆಯ ಕಾಳನ್ನು ಹಾಗೆಯೇ ನುಂಗಿದರೆ ನಯವಾದ ಸಿಪ್ಪೆಯ ದೆಸೆಯಿಂದ ಅದು ಒಳಹೊಕ್ಕ ರೂಪದಲ್ಲಿಯೇ ಹೊರಬೀಳುವುದುಂಟು. ಧಾರವಾಡ, ಬಿಜಾಪುರಗಳ ಕಡೆ ಹುರಿದು ಕುಟ್ಟಿ, ಬೆಳ್ಳುಳ್ಳಿ ಕಾರ ಸೇರಿಸಿ ಮಾಡುವ ಅಗಸಿ ಹಿಂಡಿ ಈ ತೊಡಕನ್ನು ತಾನಾಗಿಯೇ ಪರಿಹರಿಸಿದೆ. ಜೋಳದ ರೊಟ್ಟಿಯ ಜೊತೆಗೆ ಅದನ್ನು ತಿನ್ನುವ ರೂಢಿಯಲ್ಲಿ ಪಿಷ್ಟವೂ ನಾರೂ ಕೊಬ್ಬೂ ಒಂದೇ ತುತ್ತಿನಲ್ಲಿ ಕೂಡುತ್ತವೆ.

ಲೋಳೆಯಿಲ್ಲದ ಬೀಜಗಳ ಪೈಕಿ ಕಲೋಂಜಿ ಒಂದೇ ನನ್ನ ವಾದಕ್ಕೆ ಅಡ್ಡ ಬರುವ ಬೀಜ. ನೈಜೆಲ್ಲ ಸಟೈವ ಎಂಬ ಈ ಕರಿಬೀಜದ ಥೈಮೊಕ್ವಿನೋನ್ ಎಂಬ ಸತ್ತ್ವ ಬಹುವಾಗಿ ಅಧ್ಯಯನಕ್ಕೆ ಒಳಗಾಗಿದೆ. ಸೌದಿ ಅರೇಬಿಯದಲ್ಲಿ 94 ರೋಗಿಗಳಿಗೆ ದಿನಕ್ಕೆ 1, 2, 3 ಗ್ರಾಮಿನಂತೆ ಮೂರು ಗುಂಪುಗಳಲ್ಲಿ ಕೊಟ್ಟು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 2 ಗ್ರಾಂ ಪಡೆದವರ ಎಚ್‌ಬಿಎ1ಸಿ ಹನ್ನೆರಡು ವಾರಗಳಲ್ಲಿ ಶೇಕಡ 1.52 ಅಂಶ ಇಳಿಯಿತೆಂದೂ 3 ಗ್ರಾಮಿನಿಂದ ಅಧಿಕ ಲಾಭವಾಗಲಿಲ್ಲವೆಂದೂ ವರದಿಯಾಯಿತು. ಇಷ್ಟು ಕಿರಿಯ ಪ್ರಮಾಣದಿಂದ ಇಷ್ಟು ಹಿರಿಯ ಫಲವನ್ನು ಲೋಳೆಯಿಂದ ವಿವರಿಸಲಾಗದು; ಆದರೆ ಆ ಪರೀಕ್ಷೆಯಲ್ಲಿ ಹುಸಿಮದ್ದು ಪಡೆದ ಗುಂಪೇ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ನೇರಳೆಬೀಜದ ಕೀರ್ತಿ ಅದರ ಸಾಕ್ಷ್ಯಕ್ಕಿಂತ ಬಹಳ ಮುಂದಿದೆ. ಬ್ರೆಜಿಲ್ಲಿನಲ್ಲಿಯೂ ಈ ಮರಕ್ಕೆ ಮಧುಮೇಹದ ಮದ್ದೆಂಬ ಹೆಸರುಂಟು. ಪೋರ್ಟೊ ಅಲೆಗ್ರೆ ನಗರದ ಸಂಶೋಧಕರು ಅದರ ಎಲೆಯ ಕಷಾಯವನ್ನು ವಿಧಿವತ್ತಾಗಿ ಪರೀಕ್ಷಿಸಿದಾಗ ಯಾವ ಫಲವೂ ಕಾಣಲಿಲ್ಲ. ಎಲೆಗೆ ಆದ ತೀರ್ಪನ್ನು ಬೀಜಕ್ಕೆ ಹೊರಿಸುವುದು ನ್ಯಾಯವಲ್ಲವಾದರೂ ಎಚ್ಚರಕ್ಕೆ ಅಷ್ಟು ಸಾಕು. ಎಳ್ಳು, ಗುರೆಳ್ಳು, ಕುಂಬಳಬೀಜಗಳು ಮುಖ್ಯವಾಗಿ ಎಣ್ಣೆಯ ಮತ್ತು ಮೆಗ್ನೀಷಿಯಮ್ಮಿನ ಆಕರಗಳು. ಅನ್ನದ ಒಂದಂಶವನ್ನು ಕಡಿಮೆಮಾಡಿ ಅದರ ಸ್ಥಾನದಲ್ಲಿ ತಿಂದರೆ ಸಕ್ಕರೆಯ ಏರಿಕೆ ತಗ್ಗುವುದು ಖಂಡಿತ. ಬೆಲ್ಲದ ಪಾಕಕ್ಕೆ ಸೇರಿಸಿ ಉಂಡೆಕಟ್ಟಿ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಾರುವವರ ಧೈರ್ಯವನ್ನು ಮೆಚ್ಚಬೇಕು.

ಮೇಲಿನ ಅಂಕಿಗಳನ್ನೆಲ್ಲ ಓದುವಾಗ ಅವುಗಳ ಹಿಂದಿರುವ ಪ್ರಯೋಗಗಳ ಬಡತನವೂ ಕಣ್ಣಿಗೆ ಬೀಳಬೇಕು. ಹೆಚ್ಚಿನವು ಇಪ್ಪತ್ತು, ನಲವತ್ತು, ಅರವತ್ತು ಜನರ ಮೇಲೆ ಕೆಲವು ವಾರಗಳು ನಡೆದಂಥವು. ಕಣ್ಣು, ಮೂತ್ರಪಿಂಡ, ಹೃದಯಗಳಿಗೆ ಮಧುಮೇಹ ಮಾಡುವ ಕೇಡು ಬೀಜಗಳಿಂದ ತಗ್ಗಿತೆ ಎಂಬುದನ್ನು ಅವು ಹೇಳಲಾರವು. ಮೆಂತ್ಯದ ವಿಷಯದಲ್ಲಿ ಇನ್ನೊಂದು ತೊಡಕುಂಟು: ಸೊಟೊಲೋನ್ ಎಂಬ ದ್ರವ್ಯದ ಕಾರಣದಿಂದ ಅದನ್ನು ತಿಂದವರ ಬೆವರಿಗೂ ಮೂತ್ರಕ್ಕೂ ವಿಶಿಷ್ಟವಾದ ವಾಸನೆ ಬರುವುದರಿಂದ, ತನಗೆ ಸಿಕ್ಕಿರುವುದು ಮೆಂತ್ಯವೋ ಹುಸಿಮದ್ದೋ ಎಂಬುದು ರೋಗಿಗೆ ಗುಟ್ಟಾಗಿ ಉಳಿಯುವುದೇ ಕಷ್ಟ. ಎಚ್‌ಬಿಎ1ಸಿಯನ್ನು ಶೇಕಡ ಒಂದರಿಂದ ಒಂದೂವರೆ ಅಂಶದವರೆಗೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯ ಹಿಂದೆ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿದ ದಾಖಲೆಯಿದೆ. ಅದನ್ನು ನಿಲ್ಲಿಸಿ ಮೆಂತ್ಯಕ್ಕೆ ಶರಣಾಗುವುದು ತಿಳಿವಳಿಕೆಯ ಕೆಲಸವಲ್ಲ.

ಅಪಾಯಗಳೂ ಇಲ್ಲದಿಲ್ಲ. ಇನ್ಸುಲಿನ್ನನ್ನಾಗಲಿ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮುಂತಾದ ಮಾತ್ರೆಗಳನ್ನಾಗಲಿ ಪಡೆಯುತ್ತಿರುವವರು ಮೆಂತ್ಯ, ಇಸಬ್‌ಗೋಲುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿದರೆ ಸಕ್ಕರೆ ಮಿತಿಮೀರಿ ಇಳಿಯುವ ಸಂಭವವಿರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಲೋಳೆ ಅನ್ನವನ್ನು ತಡೆಹಿಡಿದಂತೆ ಔಷಧವನ್ನೂ ತಡೆಹಿಡಿಯಬಲ್ಲದಾದುದರಿಂದ ಥೈರಾಯ್ಡ್ ಮಾತ್ರೆ ಮೊದಲಾದುವಕ್ಕೂ ಬೀಜಕ್ಕೂ ನಡುವೆ ಕೆಲವು ಗಂಟೆಗಳ ಅಂತರ ಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಮೆಂತ್ಯದ ವಿಷಯದಲ್ಲಿ ಜಾಗರೂಕರಾಗಿರಬೇಕು. ಕಡಲೆಕಾಯಿ, ಕಡಲೆಗಳು ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು. ಬಾಣಂತಿಗೆ ಮೆಂತ್ಯ ಕೊಡುವ ಸಂಪ್ರದಾಯವಿದ್ದರೂ ಬಸುರಿಯು ಅದನ್ನು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಒಣ ಚಿಯಾ ಬೀಜವನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿದ ಅಮೆರಿಕದ ರೋಗಿಯೊಬ್ಬನ ಅನ್ನನಾಳದಲ್ಲಿ ಅದು ಉಬ್ಬಿ ಸಿಕ್ಕಿಕೊಂಡು, ವೈದ್ಯರು ಅದನ್ನು ಉಪಕರಣದಿಂದ ಬಿಡಿಸಬೇಕಾದ ಪ್ರಸಂಗ 2014ರಲ್ಲಿ ವರದಿಯಾಗಿದೆ. ಇಸಬ್‌ಗೋಲಿಗೂ ಇದೇ ಎಚ್ಚರಿಕೆ, ಲೋಟ ತುಂಬ ನೀರಿಲ್ಲದೆ ಮುಟ್ಟಬಾರದು. ಜರ್ಮನಿಯಲ್ಲಿ 2011ರಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಇ-ಕೊಲೈ ಸೋಂಕಿನ ಮೂಲ ಈಜಿಪ್ಟಿನಿಂದ ತರಿಸಿದ ಮೆಂತ್ಯದ ಕಾಳಿನ ಮೊಳಕೆಯೇ ಇರಬೇಕೆಂದು ತನಿಖೆಯಿಂದ ತೋರಿಬಂದುದರಿಂದ, ಮೊಳಕೆ ಬರಿಸಿದ ಕಾಳನ್ನು ಹಸಿಯಾಗಿ ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದು ಲೇಸು. ಬಹುವರ್ಷಗಳ ಮಧುಮೇಹಿಗಳಲ್ಲಿ ಕೆಲವರಿಗೆ ನರಗಳು ಕೆಟ್ಟು ಜಠರ ತಾನಾಗಿಯೇ ಮಂದವಾಗಿರುತ್ತದೆ. ಅಂಥವರಿಗೆ ಜಠರವನ್ನು ಇನ್ನಷ್ಟು ಮಂದಗೊಳಿಸುವ ಬೀಜಗಳು ಹಿತವಾಗವು. ಮೂತ್ರಪಿಂಡಗಳು ಸೋತವರಿಗೆ ಎಣ್ಣೆಬೀಜಗಳಲ್ಲಿರುವ ರಂಜಕವೂ ಪೊಟ್ಯಾಸಿಯಮ್ಮೂ ಹೊರೆಯಾಗುವುವು.

ಇಂಥ ತೊಡಕುಗಳಿಲ್ಲದವರು ಒಂದು ಬೀಜ ತಮಗೆ ಫಲಕಾರಿಯೆ ಎಂದು ತಿಳಿಯಬಯಸಿದರೆ ಮನೆಯ ಗ್ಲೂಕೋಮೀಟರೇ ಸಾಕು. ಒಂದೇ ಬಗೆಯ ತಿಂಡಿಯನ್ನು ಒಂದೇ ಅಳತೆಯಲ್ಲಿ, ಕೆಲವು ದಿನ ಬೀಜದ ಸಂಗಡ, ಕೆಲವು ದಿನ ಬೀಜವಿಲ್ಲದೆ ತಿಂದು, ತಿನ್ನಲು ತೊಡಗಿದ ಎರಡು ಗಂಟೆಗೆ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು. ಬೆಳಗಿನ ಖಾಲಿಹೊಟ್ಟೆಯ ಅಂಕಿಯೊಂದನ್ನೇ ನೋಡುತ್ತ ಕುಳಿತವರಿಗೆ ಈ ವ್ಯತ್ಯಾಸ ಹಲವು ವೇಳೆ ಕಾಣಿಸುವುದೇ ಇಲ್ಲ.